ಬಳ್ಳಿಗೆ ಮಾಡಿದ್ದನ್ನೇ ಮೈಗೂ ಮಾಡಿಕೊಂಡೆ

ಡಯಾಲಿಸಿಸ್ ಕೋಣೆಯ ಬಾಗಿಲಲ್ಲಿ ನಿಂತಿದ್ದ ಸಿಸ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಪೇಶಂಟಿನ ಜೊತೆಗೆ ಬಂದವರು ಹೊರಗೆ ಕೂಡಬೇಕು ಎಂದರು. ಹೇಳಿದವರೇ ನನ್ನ ಹೆಂಡತಿ ಸುರೇಖಾಳ ಮೊಣಕೈ ಹಿಡಿದು ಒಳಗೆ ಕರೆದೊಯ್ಯಲು ಹೊರಟರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಎರಡು ದಿನದಿಂದ ಸರಿಯಾಗಿ ಉಣ್ಣದೆ ಆಕೆಯ ಮುಖ ಬಾಡಿತ್ತು. ನನ್ನ ಅಂಗಿಯ ತೋಳು ಮಾತ್ರ ರಟ್ಟೆಯ ಮೇಲೆ ಬಿಗಿದು ಈಗಲೋ ಆಗಲೋ ಹರಿಯುವ ಹಾಗಿತ್ತು. ಗಾಲಿ ಕುರ್ಚಿ ಬೇಡವೆಂದು ಹಟ ಮಾಡಿ ಉದ್ದಕ್ಕೂ ಗೋಡೆ ಹಿಡಿದುಕೊಂಡು ಬಂದವನು, ಜನ ಕಂಡ ಕೂಡಲೇ ಗೋಡೆ ಬಿಟ್ಟು ಎದೆ ಎತ್ತಿ ನಿಂತಿದ್ದೆ.

“ಪೇಶಂಟ್ ನಾನ ರಿ,” ಎಂದೆ.

ಸಿಸ್ಟರ್ ಕೈಯಲ್ಲಿದ್ದ ಕಾಗದ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾಗದ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಆ ದಿನದ ನನ್ನ ಸ್ಥಿತಿ ಇಷ್ಟು: ವಯಸ್ಸು ಮೂವತ್ನಾಲ್ಕು, ನೋಡಲಿಕ್ಕೆ ಪೈಲ್ವಾನ, ಒಳಗೆ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಕೂತಿದ್ದವು. ಅವು ಮತ್ತೆ ಶುರುವಾಗುತ್ತವೋ, ಅಥವಾ ಬದುಕಿರುವ ತನಕ ನಾನು ಈ ಯಂತ್ರದ ನಳಿಗೆಗೆ ಕಟ್ಟಿಸಿಕೊಂಡೇ ಇರಬೇಕೋ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಕಾರಣ ಬೇರೆ ಯಾರೂ ಅಲ್ಲ, ನಾನೇ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಬರೆದು ರೂಢಿಯಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ಕೋಣೆಯಲ್ಲಿ ಮಲಗಿದ್ದಾಗ ನನ್ನಷ್ಟು ದಡ್ಡ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಬೇಕಾದಷ್ಟು ಜನ ಇದ್ದಾರೆ. ಅವರು ಹೇಳಿಕೊಳ್ಳುವುದಿಲ್ಲ, ಅಷ್ಟೇ.

ಐಗಳಿಯ ಹತ್ತಿರ ನಮ್ಮದು ನಾಲ್ಕು ಎಕರೆ ದ್ರಾಕ್ಷಿ ತೋಟ. ಕಾಯಿಯನ್ನು ಪೇಟೆಗೆ ಕಳಿಸುವುದಿಲ್ಲ, ಶೆಡ್ಡಿನಲ್ಲಿ ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುತ್ತೇವೆ. ಅಪ್ಪ ಹಂದರದ ಕಲ್ಲುಕಂಬದಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ನಾನು ಶಾಲೆಯ ಚೀಲ ಗೂಟಕ್ಕೆ ಹಾಕಿ ಕತ್ತರಿ ಹಿಡಿದೆ. ಇವತ್ತಿಗೂ ನಮ್ಮ ಸುತ್ತಿನಲ್ಲಿ ಎಲೆಯ ಅಂಚು ನೋಡಿ ಗಿಡಕ್ಕೆ ಏನು ಕಡಿಮೆಯಾಗಿದೆ ಎಂದು ಹೇಳುವವರಲ್ಲಿ ನನ್ನ ಹೆಸರು ಮೊದಲಿಗೆ ಬರುತ್ತದೆ. ಓದಿದವರೂ ನನ್ನನ್ನು ಕರೆದುಕೊಂಡು ಹೋಗಿ ತೋಟ ತೋರಿಸುತ್ತಾರೆ. ಲೀಟರಿಗೆ ಎಷ್ಟು ಗ್ರಾಂ ಬೆರೆಸಬೇಕು ಎಂದು ನಾನು ಹೇಳಿದರೆ ಅದು ತಪ್ಪಾಗುವುದಿಲ್ಲ. ಈ ಮಾತು ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬವೂ ಇದೆ, ಇರಲಿ. ಇದು ಗೊತ್ತಿಲ್ಲದಿದ್ದರೆ ನಾನು ಮಾಡಿದ ತಪ್ಪು ನಿಮಗೆ ಅರ್ಥವಾಗುವುದಿಲ್ಲ.

ಅಥಣಿಯಲ್ಲಿ ನಾನು ಗೊಬ್ಬರ ತರುವ ಅಂಗಡಿಯ ಮೇಲಿನ ಅಂತಸ್ತಿನಲ್ಲಿ, ತಗಡಿನ ಚಾವಣಿಯ ಕೆಳಗೆ, ಒಂದು ಜಿಮ್ ಶುರುವಾಗಿತ್ತು. ಒಂದು ದಿನ ಚೀಲ ಕಟ್ಟಿಸಲು ನಿಂತಿದ್ದಾಗ ಮೇಲಿನಿಂದ ಧಡ್ ಧಡ್ ಎಂದು ಕೇಳಿತು. ಏನದು ಎಂದು ಹತ್ತಿ ಹೋದೆ. ಹುಡುಗರು ಕಬ್ಬಿಣ ಎತ್ತಿ ಎತ್ತಿ ಒಗೆಯುತ್ತಿದ್ದರು. ನಾನೂ ಎತ್ತಿದೆ. ಅಲ್ಲಿ ಕಲಿಸುವ ವಿನಾಯಕ ಎಂಬ ಹುಡುಗ ನಾನು ಎತ್ತಿದ್ದನ್ನು ನೋಡಿ, ಇದು ನಿಮಗೆ ಹುಟ್ಟಿನಿಂದಲೇ ಬಂದಿದೆ ಎಂದ. ಅಷ್ಟೇ ಸಾಕಾಯಿತು. ಮರುದಿನದಿಂದ ಬೆಳಗಿನ ತೋಟದ ಕೆಲಸ ಮುಗಿಸಿ ಮೋಟರ್‌ಸೈಕಲ್ ಮೇಲೆ ಅಥಣಿಗೆ ಹೊರಟೆ. ಆರು ತಿಂಗಳಲ್ಲಿ ನನ್ನ ಅಂಗಿಗಳೆಲ್ಲ ಅಣ್ಣನ ಪಾಲಾದವು.

ವಿನಾಯಕ ಕೆಟ್ಟವನಲ್ಲ, ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ. ಮೈ ಬೆಳೆಸುವ ಪುಡಿಯ ಡಬ್ಬಿ ಕೊಟ್ಟಾಗ ದಿನಕ್ಕೆ ಎಷ್ಟು ಎಂದು ಹೇಳಿಯೇ ಕೊಟ್ಟ. “ಅಣ್ಣಾರ, ಪುಡಿ ತಗೊಂಡಮ್ಯಾಲ ನೀರ ಬಾಳ ಕುಡೀಬೇಕ. ಇದೊಂದ ಮರೀಬ್ಯಾಡ್ರಿ,” ಎಂದೂ ಹೇಳಿದ. ನಾನು ಹೂಂ ಅಂದೆ. ಮನೆಗೆ ಬಂದು ನನ್ನ ಡೈರಿ ತೆರೆದೆ.

ದ್ರಾಕ್ಷಿ ಬೆಳೆಯುವವರ ಮನೆಯಲ್ಲೆಲ್ಲ ಒಂದು ಔಷಧದ ಡೈರಿ ಇರುತ್ತದೆ. ಬಳ್ಳಿಯನ್ನು ಕತ್ತರಿಸುವ ಕೆಲಸಕ್ಕೆ ನಾವು ಚಾಟ್ನಿ ಅನ್ನುತ್ತೇವೆ. ಚಾಟ್ನಿಯಾದ ದಿನವನ್ನು ಒಂದು ಎಂದು ಹಿಡಿದು, ಇಷ್ಟನೇ ದಿನಕ್ಕೆ ಈ ಔಷಧ, ಇಷ್ಟನೇ ದಿನಕ್ಕೆ ಈ ಗೊಬ್ಬರ ಎಂದು ಕಟಾವಿನ ತನಕ ಬರೆದಿಡುತ್ತೇವೆ. ಚಿಕ್ಕೋಡಿಯಲ್ಲಿ ಬೇಸಿಗೆಗೆ ದೇಹದಾರ್ಢ್ಯ ಸ್ಪರ್ಧೆ ಇದೆ ಎಂದು ಗೊತ್ತಾದ ಮೇಲೆ, ಅದೇ ಡೈರಿಯ ಹಿಂದಿನ ಪುಟಗಳಲ್ಲಿ ನನ್ನದೂ ಶುರು ಮಾಡಿದೆ. ಸ್ಪರ್ಧೆಯ ದಿನವೇ ಕಟಾವು. ಅಲ್ಲಿಂದ ಹಿಂದಕ್ಕೆ ನೂರಾ ಇಪ್ಪತ್ತು ದಿನ ಎಣಿಸಿದೆ. ವಿನಾಯಕ ಹೇಳಿದ ಪ್ರಮಾಣ ನನಗೆ ಕಡಿಮೆ ಕಂಡಿತು. ಈಗಷ್ಟೇ ನೆಟ್ಟ ಗಿಡಕ್ಕೂ ಹಂದರ ತುಂಬಿದ ಗಿಡಕ್ಕೂ ಒಂದೇ ಗೊಬ್ಬರ ಹಾಕುತ್ತೇವೆಯೇ? ನನ್ನ ಹಂದರ ತುಂಬಿತ್ತು. ಒಂದು ಚಮಚ ಎಂದಲ್ಲಿ ಮೂರು ಬರೆದುಕೊಂಡೆ. ನಡುವೆ ಭಾರ ಎತ್ತುವಾಗ ಬಲಭುಜದೊಳಗೆ ಏನೋ ಟಕ್ ಎಂದು ಜಾರಿತು. ವಿಶ್ರಾಂತಿ ಎಂಬ ಮಾತು ನನ್ನ ಡೈರಿಯಲ್ಲಿ ಇರಲಿಲ್ಲ. ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಕ್ಕೆರಡು ನುಂಗುತ್ತ ಕಬ್ಬಿಣ ಎತ್ತಿದೆ. ಅದನ್ನೂ ದಿನಾಂಕ ಹಾಕಿ ಬರೆದೆ.

ಇನ್ನು ನೀರಿನ ಮಾತು. ಕಟಾವು ಹತ್ತಿರ ಬಂದಾಗ ನಾವು ಬಳ್ಳಿಗೆ ನೀರು ಕಡಿಮೆ ಮಾಡುತ್ತೇವೆ. ಆಗ ಕಾಯಿಯೊಳಗೆ ಸಕ್ಕರೆ ಏರುತ್ತದೆ, ಸಿಪ್ಪೆ ಬಿಗಿಯುತ್ತದೆ, ಮಣೂಕ ತೂಕ ಬರುತ್ತದೆ. ಗಿಡ ಸ್ವಲ್ಪ ಬಾಡಿದಂತೆ ಕಂಡರೂ ಹೆದರಬಾರದು, ಹೆದರಿ ನೀರು ಬಿಟ್ಟವನ ಬೆಳೆ ಸಪ್ಪೆಯಾಗುತ್ತದೆ. ಇಪ್ಪತ್ತು ವರ್ಷ ನಾನು ಮಾಡಿದ್ದು ಇದನ್ನೇ, ಒಮ್ಮೆಯೂ ಮೋಸವಾಗಿಲ್ಲ. ವೇದಿಕೆಯ ಮೇಲೆ ತೊಗಲು ಬಿಗಿದು ಸ್ನಾಯುವಿನ ಒಂದೊಂದು ಎಳೆಯೂ ಕಾಣಬೇಕು ಎಂದು ಹುಡುಗರು ಹೇಳುತ್ತಿದ್ದರು. ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೂರಾ ಹತ್ತನೇ ದಿನದ ಮುಂದೆ ‘ನೀರು ಬಂದ್’ ಎಂದು ಬರೆದೆ. ದಿನಕ್ಕೆ ಎರಡು ಲೋಟ, ಅದೂ ಪುಡಿ ಕಲಸಲಿಕ್ಕೆ.

ನೂರಾ ಹದಿನಾರನೇ ದಿನ, ಮೇ ತಿಂಗಳ ಮಧ್ಯಾಹ್ನ, ಆ ತಗಡಿನ ಕೆಳಗೆ ತೊಡೆಯ ವ್ಯಾಯಾಮಕ್ಕೆ ನಿಂತೆ. ಭಾರ ಹೊತ್ತು ಕೂತೇಳುವುದು. ಮುನ್ನೂರಾದ ಮೇಲೆ ಎಣಿಸುವುದನ್ನು ಬಿಟ್ಟೆ. ಬೆವರು ಬರಲಿಲ್ಲ, ಅದಕ್ಕೂ ಹೆಮ್ಮೆಪಟ್ಟೆ. ಸಂಜೆ ತೊಡೆ ಕಲ್ಲಾಗಿತ್ತು. ಮರುದಿನ ಬೆಳಿಗ್ಗೆ ಎದ್ದು ಟೇಪು ಹಚ್ಚಿ ಅಳೆದರೆ ಒಂದೇ ದಿನಕ್ಕೆ ಒಂದೂವರೆ ಇಂಚು ಏರಿತ್ತು. ಒಲೆಯ ಮುಂದೆ ಕೂತಿದ್ದ ಸುರೇಖಾಳನ್ನು ಕರೆದು ತೋರಿಸಿದೆ. ಆಕೆ ಹಿಟ್ಟಿನ ಕೈಯ ಹೆಬ್ಬೆರಳಿನಿಂದ ತೊಡೆಯನ್ನು ಒತ್ತಿದಳು. ಒತ್ತಿದ ಜಾಗ ತಗ್ಗು ಬಿದ್ದು ಹಾಗೇ ಉಳಿಯಿತು.

“ಇದು ಬಾವು ಬಂದೈತ್ರಿ. ಮೈ ಬೆಳದಿದ್ದಲ್ಲ,” ಎಂದಳು.

ನಾನು ನಕ್ಕೆ. ಮೂತ್ರಕ್ಕೆ ಹೋದೆ. ಬಂದದ್ದು ಕರಿ ದ್ರಾಕ್ಷಿಯ ರಸದ ಬಣ್ಣ. ಉಷ್ಣ ಆಗಿದೆ ಎಂದುಕೊಂಡೆ. ಅವ್ವನಿಗೆ ಹೊಟ್ಟೆ ಬಿಸಿಯಾಗಿದೆ ಎಂದಷ್ಟೇ ಹೇಳಿದೆ, ಆಕೆ ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿದಳು. ಅದರ ಮರುದಿನ ಮೂತ್ರವೇ ಬರಲಿಲ್ಲ. ಮುಖ ಊದಿತು, ಕುಡಿದ ಚಹಾ ಹೊರಗೆ ಬಂತು. ಆಗಲೂ ನನ್ನ ತಲೆಯಲ್ಲಿದ್ದದ್ದು ಒಂದೇ, ಸ್ಪರ್ಧೆಗೆ ಇನ್ನೆರಡು ದಿನ ಉಳಿದಿದೆ. ಸುರೇಖಾ ನನ್ನನ್ನು ಕೇಳಲಿಲ್ಲ. ಅಣ್ಣ ಅಣ್ಣಪ್ಪನಿಗೆ ಗಾಡಿ ತೆಗೆಯಲು ಹೇಳಿದಳು. ಅಥಣಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಅದರ ಕಾಗದ ಬಂದ ಮೇಲೆ ಕೂತವರು ಎದ್ದು ನಿಂತು, ತಾವೇ ಫೋನು ಮಾಡಿ ಮಿರಜಿನ ದೊಡ್ಡ ಆಸ್ಪತ್ರೆಗೆ ಹೇಳಿ, ಈಗಿಂದೀಗ ಹೊರಡಿ ಎಂದರು.

ಮಿರಜಿನಲ್ಲಿ ಕಿಡ್ನಿ ಡಾಕ್ಟರ್ ಒಬ್ಬ ಹೆಣ್ಣುಮಗಳು. ಮೊದಲು ಮರಾಠಿಯಲ್ಲಿ, “ಕಿತಿ ಪಾಣಿ ಪೀತ ಹೋತಾ?” ಎಂದು ಕೇಳಿದರು. ನಾನು ಸುಮ್ಮನಿದ್ದದ್ದನ್ನು ನೋಡಿ ಭಾಷೆ ಬರುವುದಿಲ್ಲ ಎಂದುಕೊಂಡು, ದಿನಕ್ಕೆ ಎಷ್ಟು ನೀರು ಕುಡಿಯುತ್ತಿದ್ದಿರಿ ಎಂದು ಕನ್ನಡದಲ್ಲಿ ಕೇಳಿದರು. ನನಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ಬಾಯಿಗೆ ಬರದಿದ್ದದ್ದು ಉತ್ತರ.

ನಾಲ್ಕು ಲೀಟರು ಎಂದೆ. ಪುಡಿ ಎಷ್ಟು ಎಂದು ಕೇಳಿದರು, ಒಂದು ಚಮಚ ಎಂದೆ. ಗುಳಿಗೆ ಏನಾದರೂ ಎಂದು ಕೇಳಿದರು, ಇಲ್ಲ ಎಂದೆ. ಮೂರು ಪ್ರಶ್ನೆ, ಮೂರು ಸುಳ್ಳು. ಅಣ್ಣ ಪಕ್ಕದಲ್ಲೇ ನಿಂತಿದ್ದ. ಊರಿಗೆಲ್ಲ ಪ್ರಮಾಣ ಹೇಳುವವನು ತನ್ನ ಮೈಗೆ ಪ್ರಮಾಣ ತಪ್ಪಿದ ಎಂದು ಅವನ ಮುಂದೆ ಹೇಗೆ ಹೇಳಲಿ? ಜೀವಕ್ಕಿಂತ ಅದೇ ನನಗೆ ದೊಡ್ಡದಾಗಿ ಕಂಡಿತು.

ಮೇಡಂ ಮತ್ತೊಮ್ಮೆ ಕಾಗದ ನೋಡಿದರು. ನಾನು ಹೇಳಿದ ಮಾತಿಗೂ ಕಾಗದದಲ್ಲಿದ್ದ ಅಂಕಿಗೂ ಹೊಂದಾಣಿಕೆ ಇರಲಿಲ್ಲ. ಸುರೇಖಾಳನ್ನು ಹೊರಗೆ ಕರೆದರು. ಹತ್ತು ನಿಮಿಷದ ಮೇಲೆ ಆಕೆ ಬಂದು ನನ್ನ ಹಾಸಿಗೆಯ ಕಾಲಬದಿಗೆ ನಿಂತಳು. ಅಂಥ ಮುಖವನ್ನು ನಾನು ಆಕೆಯಲ್ಲಿ ಅದಕ್ಕೆ ಮುಂಚೆ ಕಂಡಿರಲಿಲ್ಲ.

“ತ್ವಾಟಕ್ಕ ಹೊಡಿಯು ಎಣ್ಣಿ ಏನರ ಕುಡದಾರೇನ ಅಂತ ಕೇಳಾಕತ್ತಾರ. ಮನ್ಯಾಗ ಜಗಳ ಆಗಿತ್ತೇನ ಅಂತ ಕೇಳಾಕತ್ತಾರ. ನಾ ಇಲ್ಲಂದೆ. ಅವರು ನಂಬವಲ್ರು.”

ಬೆಳೆಗೆ ಹೊಡೆಯುವ ಔಷಧಕ್ಕೆ ನಮ್ಮ ಕಡೆ ಎಣ್ಣೆ ಅನ್ನುತ್ತಾರೆ. ಅದನ್ನು ಕುಡಿದು ಈ ಆಸ್ಪತ್ರೆಗೆ ಬಂದ ರೈತರನ್ನು ಅವರು ಎಷ್ಟೋ ಜನ ನೋಡಿರಬೇಕು. ದ್ರಾಕ್ಷಿ ತೋಟದವನು, ಏನೋ ಮುಚ್ಚಿಡುತ್ತಿದ್ದಾನೆ, ಕಿಡ್ನಿ ಹೋಗಿದೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ತಿಳಿಯುತ್ತಿದ್ದೆ. ಪೊಲೀಸರಿಗೆ ತಿಳಿಸುವ ಕಾಗದವೊಂದು ಮೇಜಿನ ಮೇಲೆ ಸಿದ್ಧವಾಗಿತ್ತು.

ಸುರೇಖಾ ದನಿ ಏರಿಸಲಿಲ್ಲ. “ಹನ್ನೊಂದ ವರ್ಷ ನಿಮ್ಮ ಜೋಡಿ ಬಾಳೆ ಮಾಡೇನಿ. ನಿಮಗ ಏನರ ಆದ್ರ ಅಳತೇನಿ, ಅದು ಬ್ಯಾರೆ. ಆದರ ಹೆಂಡ್ತಿ ಕಾಟಕ್ಕ ಎಣ್ಣಿ ಕುಡದ ಅಂತ ಊರ ಮಂದಿ ಅಂದಿದ್ದನ್ನ ಹೊತಗೊಂಡ ನಾ ತಿರಗಂಗಿಲ್ಲ. ಏನ ಮಾಡಕೊಂಡೀರಿ, ಅದನ್ನ ಹೇಳ್ರಿ.”

ಅಣ್ಣನ ಕಡೆ ತಿರುಗಿ, ಮನೆಗೆ ಫೋನ್ ಹಚ್ಚಿ ಔಷಧದ ಡೈರಿಯ ಫೋಟೊ ತೆಗೆದು ಕಳಿಸಲು ಹೇಳು ಎಂದೆ.

“ಇಲ್ಲಿ ಸಾಯಾಕತ್ತೀದಿ, ಈಗ ಡೈರಿ ಯಾಕಲೇ?” ಎಂದ.

“ಹಿಂದಿನ ಹಾಳ್ಯಾಗ ನಂದೂ ಐತಿ.”

ವೈನಿ, ಅಂದರೆ ಅಣ್ಣನ ಹೆಂಡತಿ, ಗಾಬರಿಯಲ್ಲಿ ಮೊದಲು ಮುಂದಿನ ಪುಟಗಳ ಫೋಟೊ ಕಳಿಸಿದರು. ಮೇಡಂ ಅಣ್ಣನ ಮೊಬೈಲು ಹಿಡಿದು ಓದಿದರು. ಬೋರಾನ್ ಇಷ್ಟು, ಗಂಧಕ ಇಷ್ಟು, ಗೊಂಚಲು ಅದ್ದುವ ಔಷಧ ಇಷ್ಟು. ಅವರ ಕಣ್ಣು ದೊಡ್ಡದಾದದ್ದನ್ನು ನೋಡಿ ಅಣ್ಣ ಗಡಬಡಿಸಿ, ಅದು ಗಿಡದ್ದು, ಇವನದು ಹಿಂದೆ ಇದೆ ಎಂದ. ಆ ಸ್ಥಿತಿಯಲ್ಲೂ ನನಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ, ತೊಡೆ ನೊಂದು ನಿಲ್ಲಿಸಿದೆ.

ಆಮೇಲೆ ಹಿಂದಿನ ಪುಟಗಳು ಬಂದವು. ಮೇಡಂ ಒಂದೊಂದು ಸಾಲನ್ನೂ ಬೆರಳಿನಿಂದ ದೊಡ್ಡದು ಮಾಡಿ ಓದಿದರು. ಪುಡಿ, ಗುಳಿಗೆ, ದಿನಾಂಕ, ಎಲ್ಲ. ನೂರಾ ಹತ್ತನೇ ದಿನಕ್ಕೆ ಬಂದು ನಿಂತರು.

“ನೀರು ಬಂದ್. ಇದು ಯಾರ ನೀರು?”

“ನಂದ ರಿ.”

“ಯಾಕ?”

“ಸಿಪ್ಪಿ ಬಿಗಿ ಆಗಾಕ ರಿ.”

ಮೇಡಂ ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರಾಗುತ್ತಿತ್ತು. ಮೊಬೈಲನ್ನು ಅಣ್ಣನಿಗೆ ಕೊಟ್ಟು, ಮೇಜಿನ ಮೇಲಿದ್ದ ಆ ಕಾಗದವನ್ನು ಪಕ್ಕಕ್ಕೆ ಸರಿಸಿ, ನನ್ನ ಹತ್ತಿರ ಸ್ಟೂಲು ಎಳೆದುಕೊಂಡು ಕೂತರು.

“ಮಲ್ಲಪ್ಪ, ದ್ರಾಕ್ಷಿ ಗಿಡಕ್ಕ ಕಿಡ್ನಿ ಇರಂಗಿಲ್ಲ,” ಎಂದರು.

ಆಮೇಲೆ ನನಗೆ ತಿಳಿಯುವ ಹಾಗೆ ಹೇಳಿದರು. ತೊಡೆಯ ಮಾಂಸ ಒಡೆದು ಅದರ ಕಸ ರಕ್ತದಲ್ಲಿ ಸೇರಿದೆ, ತೊಳೆದುಹಾಕಲು ನೀರಿಲ್ಲ, ತೋಟದ ಡ್ರಿಪ್ಪಿನ ಫಿಲ್ಟರು ಕಟ್ಟಿಕೊಂಡಂತೆ ಎರಡೂ ಕಡೆ ಕಟ್ಟಿಕೊಂಡಿದೆ. ಕಿಡ್ನಿಗೆ ವಿಶ್ರಾಂತಿ ಕೊಟ್ಟು ಯಂತ್ರದಿಂದ ರಕ್ತ ತೊಳೆಯುತ್ತ ಕಾಯಬೇಕು. ತೆರೆದುಕೊಳ್ಳಬಹುದು, ತೆರೆದುಕೊಳ್ಳದೆಯೂ ಇರಬಹುದು. ಮುಂಚೆಯೇ ನಿಜ ಹೇಳಿದ್ದರೆ ಅರ್ಧ ದಿನ ಉಳಿಯುತ್ತಿತ್ತು ಎಂದು ಮಾತ್ರ ಅಂದರು, ಬಯ್ಯಲಿಲ್ಲ. ಕಟ್ಟಿದ ಫಿಲ್ಟರು ನನಗೆ ಗೊತ್ತು. ಕೆಲವು ತೊಳೆದರೆ ಹೊಸದಾಗುತ್ತವೆ. ಕೆಲವನ್ನು ಒಗೆದುಬಿಡುತ್ತೇವೆ.

ಹೀಗೆ ನಾನು ಆ ಕೋಣೆಯ ಬಾಗಿಲಿಗೆ ಬಂದು, ಸಿಸ್ಟರ್ ಎದುರು ಎದೆ ಎತ್ತಿ ನಿಂತದ್ದು.

ಒಳಗೆ ನನ್ನ ಪಕ್ಕದ ಹಾಸಿಗೆ ಮುಗಳಖೋಡದ ಸಿದ್ದಪ್ಪಜ್ಜನದು. ಸಂತೆಯಲ್ಲಿ ಕುರಿ ಮಾರುತ್ತಿದ್ದವರು, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಗಿ ನಾಲ್ಕು ವರ್ಷದಿಂದ ವಾರಕ್ಕೆರಡು ಸಲ ಬರುವವರು. ಮೊದಲ ದಿನ ನನ್ನ ರಟ್ಟೆಯನ್ನು ಕುರಿಯ ತೊಡೆ ಹಿಡಿದು ನೋಡುವ ಹಾಗೆ ಹಿಡಿದು ನೋಡಿದರು. ಏನಾಯಿತು ಎಂದು ಕೇಳಿದರು. ಇಲ್ಲಿ ಸುಳ್ಳು ಹೇಳಲಿಲ್ಲ, ಎಲ್ಲ ಹೇಳಿದೆ. ಅಜ್ಜ ಪೂರ್ತಿ ಕೇಳಿ ರಟ್ಟೆಯಿಂದ ಕೈ ತೆಗೆದರು.

“ನಿಂದ ಹೊಸಾ ಇಂಜಿನ್, ಕೆಟ್ಟ ನಿಂತೈತಿ. ನಂದ ಗುಜರಿ. ನೀ ಹೆದರಬ್ಯಾಡ ತಮ್ಮಾ, ಹೆದರು ಕೆಲಸ ನಾ ಮಾಡತೇನಿ,” ಎಂದರು.

ಆದರೂ ಹೆದರಿದೆ. ಮೂರನೆಯ ಡಯಾಲಿಸಿಸ್ ದಿನ ಚಳಿ ಹತ್ತಿ ಮೈ ಗಡಗಡ ನಡುಗಿತು. ಬಳ್ಳಿ ಸತ್ತಿದೆಯೋ ಇಲ್ಲವೋ ಎಂದು ನೋಡಬೇಕಾದರೆ ನಾವು ಉಗುರಿನಿಂದ ತೊಗಟೆ ಕೆರೆದು ನೋಡುತ್ತೇವೆ, ಒಳಗೆ ಹಸಿರು ಕಂಡರೆ ಜೀವ ಇದೆ ಎಂದು ಅರ್ಥ. ನನ್ನ ಮೈಯಲ್ಲಿ ಎಲ್ಲಿ ಕೆರೆದು ನೋಡುವುದು? ದಿನಾ ಬೆಳಿಗ್ಗೆ ಮೂತ್ರ ಅಳೆಯಲು ಗೆರೆ ಹಾಕಿದ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಿದ್ದರು. ಅದೊಂದೇ ನನಗಿದ್ದ ಗುರುತು. ಸೊನ್ನೆ. ಮರುದಿನ ಸೊನ್ನೆ. ಆಮೇಲೆ ತಳ ಮುಚ್ಚುವಷ್ಟು, ಅದೂ ಮಣ್ಣಿನ ಬಣ್ಣ. ಸುರೇಖಾ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಗೆರೆ ನೋಡುತ್ತಿದ್ದಳು, ಬೇಕಂತಲೇ ಸ್ವಲ್ಪ ಓರೆ ಹಿಡಿದು ಹೆಚ್ಚು ಕಾಣುವ ಹಾಗೆ.

ಊರಿಂದ ಫೋನಿನ ಮೇಲೆ ಫೋನು. ಹಾಲಿನ ಡೇರಿಯಲ್ಲಿ ಕೇಳುವ ಹಾಗೆ ಎಲ್ಲರೂ ಕೇಳುವುದು ಒಂದೇ, ಇವತ್ತು ಎಷ್ಟಾಯಿತು? ನನಗಿಂತ ಹಿರಿಯರು, ನನ್ನ ಮುಂದೆ ಹೆಂಡತಿಯ ಹೆಸರನ್ನೂ ಹೇಳದವರು, ನನ್ನ ಮೂತ್ರದ ಬಗ್ಗೆ ಕೇಳುತ್ತಿದ್ದರು. ಅವ್ವ ಮಾತ್ರ ಕೇಳುತ್ತಿರಲಿಲ್ಲ. ಫೋನು ಹಿಡಿದು ನಾನು ಉಸಿರಾಡುವುದನ್ನು ಕೇಳಿ ಇಡುತ್ತಿದ್ದಳು.

ಇನ್ನೊಂದು ಶಿಕ್ಷೆ ಇತ್ತು. ಕಿಡ್ನಿ ನಿಂತವನಿಗೆ ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲ, ಅದಕ್ಕೆ ಚಹಾ, ಗುಳಿಗೆ, ಎಲ್ಲ ಸೇರಿ ದಿನಕ್ಕೆ ಅರ್ಧ ಲೀಟರು. ನಾನಾಗಿಯೇ ನೀರು ಕುಡಿಯುವುದು ಬಿಟ್ಟಾಗ ನನಗೆ ಒಮ್ಮೆಯೂ ಬಾಯಾರಿದ ನೆನಪಿಲ್ಲ. ಈಗ ಸಿಸ್ಟರ್ ಕೈ ತೊಳೆಯುವ ಸದ್ದು ಕೇಳಿದರೂ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಸಿದ್ದಪ್ಪಜ್ಜ ಉಪಾಯ ಕಲಿಸಿದರು. ಬಾಟಲಿಯಿಂದ ಕುಡಿಯಬಾರದು, ಮುಚ್ಚಳದಿಂದ ಕುಡಿಯಬೇಕು. ನಾಲಿಗೆಯ ಕೆಳಗೆ ಒಂದು ಲವಂಗ ಇಟ್ಟುಕೊಂಡರೆ ಒಂದು ತಾಸು ತಳ್ಳಬಹುದು. ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ಪೊಟ್ಟಣ ಲವಂಗ, ಅದರಲ್ಲಿ ಎಣಿಸಿ ಎರಡು ನನಗೆ.

ನಡುವೆ ಒಂದು ದಿನ ವಿನಾಯಕ ಬಂದ, ಎರಡು ಎಳನೀರು ಹಿಡಿದುಕೊಂಡು. ಅದರಲ್ಲಿರುವ ಪೊಟ್ಯಾಶ್ ಕಿಡ್ನಿ ನಿಂತವನಿಗೆ ವಿಷ ಎಂದು ಪಾಪ ಅವನಿಗೆ ಗೊತ್ತಿಲ್ಲ. ಬಾಗಿಲಲ್ಲೇ ನಿಂತ. ಅಣ್ಣ ಎದ್ದು ಅವನ ಮೇಲೆ ಹೋಗುವವನಿದ್ದ, ಜಿಮ್ಮಿಗೆ ಬೀಗ ಹಾಕಿಸುತ್ತೇನೆ ಎಂದ.

“ನೀರ ಕುಡೀರಿ ಅಂತ ಹೇಳಿದ್ನಲ್ರಿ ಅಣ್ಣಾರ,” ಎಂದ ವಿನಾಯಕ. ಅಷ್ಟಕ್ಕೇ ಅವನ ಕಣ್ಣು ತುಂಬಿತು.

“ಹೇಳಿದ್ದಿ. ನಾ ಕೇಳಲಿಲ್ಲ,” ಎಂದೆ. ಅಣ್ಣ ಕೂತ. ಆ ಮಾತು ಹೇಳಿದ ಮೇಲೆ ಎಷ್ಟೋ ದಿನದ ನಂತರ ಒಂದು ಒಳ್ಳೆಯ ನಿದ್ದೆ ಬಂತು.

ಹನ್ನೊಂದನೆಯ ದಿನ ಡಬ್ಬಿಯಲ್ಲಿ ನೂರಾ ಎಂಬತ್ತು ಮಿಲಿಲೀಟರು. ಸುರೇಖಾ ಓರೆ ಹಿಡಿಯಲಿಲ್ಲ, ನೆಟ್ಟಗೆ ಹಿಡಿದಳು. ಬಣ್ಣವೂ ತಿಳಿಯಾಗಿತ್ತು. ಮೇಡಂ ಬಂದು ನೋಡಿ, ಇನ್ನೂ ಏನೂ ಹೇಳಲಾಗದು ಎಂದರು, ಆದರೆ ಡಬ್ಬಿಯನ್ನು ಕೆಳಗಿಡಲು ಮರೆತು ಕೈಯಲ್ಲೇ ಹಿಡಿದುಕೊಂಡು ಮುಂದಿನ ಹಾಸಿಗೆಗೆ ಹೋದರು. ನಾಲ್ಕು ದಿನದಲ್ಲಿ ಲೀಟರು ದಾಟಿತು, ಆಮೇಲೆ ಮೂರು ಲೀಟರು, ಕಟ್ಟೆ ಒಡೆದ ಹಾಗೆ. ಡಯಾಲಿಸಿಸ್ ನಿಲ್ಲಿಸಿದರು. ಐಗಳಿಯಲ್ಲಿ ಯಾರೋ ಪೇಢೆ ಹಂಚಿದರಂತೆ. ಯಾಕೆ ಎಂದು ಕೇಳಿದವರಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ.

ಮನೆಗೆ ಬಂದಾಗ ನನ್ನ ತೊಡೆ ಸುರೇಖಾಳ ತೊಡೆಗಿಂತ ಸಣ್ಣದಾಗಿತ್ತು. ಕೂತಲ್ಲಿಂದ ಏಳಬೇಕಾದರೆ ಕಂಬ ಹಿಡಿಯಬೇಕಾಗುತ್ತಿತ್ತು. ನಾಚಿಕೆಪಡಲಿಲ್ಲ. ಮೊದಲ ವಾರ ಅಂಗಳದ ತನಕ, ಎರಡನೇ ವಾರ ತೋಟದ ಮೊದಲ ಸಾಲಿನ ತನಕ ನಡೆದೆ. ಇದಕ್ಕೆ ಡೈರಿ ಬರೆಯಲಿಲ್ಲ. ಅಕ್ಟೋಬರ್ ಚಾಟ್ನಿಗೆ ಕತ್ತರಿ ಹಿಡಿದು ಆಳುಗಳ ಜೊತೆ ಸಾಲಿಗಿಳಿದೆ, ಅರ್ಧ ಸಾಲು ಅವರದು, ಅರ್ಧ ನನ್ನದು. ಭುಜ ಇನ್ನೂ ಚಳಿಗೆ ನೋಯುತ್ತದೆ. ನೋವಿನ ಗುಳಿಗೆ ಇನ್ನು ಜನ್ಮದಲ್ಲಿ ಮುಟ್ಟುವ ಹಾಗಿಲ್ಲ. ಬಿಸಿ ನೀರಿನ ಚೀಲ ಇಟ್ಟುಕೊಂಡು ಕೂಡುತ್ತೇನೆ, ಅದೇನು ಸಾಯುವ ನೋವಲ್ಲ.

ಜಿಮ್ಮಿಗೂ ಹೋದೆ. ಹೋಗದಿದ್ದರೆ ಹೆದರಿ ಓಡಿದ ಎಂದಾಗುತ್ತದೆ. ಮೆಟ್ಟಿಲು ಹತ್ತಿದಾಗ ಒಬ್ಬ ಹುಡುಗ, “ಅಣ್ಣಾರ, ರಟ್ಟಿ ಎಲ್ಲಿ ಹ್ವಾದವು?” ಎಂದು ಕೇಳಿದ. ಮಿರಜಿನಲ್ಲಿ ಬಿಟ್ಟು ಬಂದೆ ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಕೂರಿಸಿಕೊಂಡು ಎಲ್ಲ ಹೇಳಿದೆ, ಟೇಪು ಹಚ್ಚಿ ಅಳೆದದ್ದನ್ನೂ, ಮೂರು ಸುಳ್ಳನ್ನೂ. ವ್ಯಾಯಾಮ ಬಿಡಿ ಎನ್ನಲಿಲ್ಲ, ನಾನೂ ಬಿಟ್ಟಿಲ್ಲ, ಹಗುರಾದದ್ದು ಎತ್ತುತ್ತೇನೆ. ಪುಡಿಯ ಬಗ್ಗೆ ಡಾಕ್ಟರನ್ನು ಕೇಳಿ, ನನ್ನನ್ನು ಕೇಳಬೇಡಿ ಎಂದೆ. ಮೂತ್ರದ ಬಣ್ಣ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಹೋದಲ್ಲಿ ನುಂಗಿದ್ದೆಲ್ಲ ಬಾಯಿಬಿಟ್ಟು ಹೇಳಿ ಎಂದೆ. ಮಾತು ಮುಗಿಸಿ ಇಳಿಯುವಾಗ ಇಬ್ಬರು ಹಿಂದೆ ಬಂದು, ತಮ್ಮ ತಮ್ಮ ಪುಡಿಯ ಗ್ಲಾಸಿನ ಬಗ್ಗೆ ಮೆಲ್ಲಗೆ ಕೇಳಿದರು. ಒಬ್ಬನನ್ನು ನಾನೇ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಅವನಿಗೆ ಏನೂ ಆಗಿರಲಿಲ್ಲ. ಅವನಿಗಿಂತ ನನಗೇ ಹೆಚ್ಚು ಖುಷಿಯಾಯಿತು.

ದೀಪಾವಳಿ ಕಳೆದ ಮೇಲೆ ಮಿರಜಿಗೆ ಮತ್ತೆ ತಪಾಸಣೆಗೆ ಹೋದೆ. ಮೇಡಂ ಕಾಗದವನ್ನು ಎರಡು ಸಲ ಓದಿ, ಎರಡೂ ಕಿಡ್ನಿ ಪೂರ್ತಿ ಕೆಲಸ ಮಾಡುತ್ತಿವೆ, ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು, ಬಾಯಾರಿದಾಗೆಲ್ಲ ಹೊಟ್ಟೆ ತುಂಬ ನೀರು ಕುಡಿಯಿರಿ ಎಂದರು. ಸುರೇಖಾ ಕೈ ಮುಗಿದಳು. ನಾನು ನೆಟ್ಟಗೆ ಡಯಾಲಿಸಿಸ್ ಕೋಣೆಗೆ ಹೋದೆ. ಅಂದು ಸಿದ್ದಪ್ಪಜ್ಜನ ಸರದಿ ಇತ್ತು. ಯಂತ್ರ ತಿರುಗುತ್ತಿತ್ತು. ಮೊದಲಿಗಿಂತ ಸೊರಗಿದ್ದರು. ಎರಡೂ ಶುರುವಾಗಿವೆ ಅಜ್ಜಾರ ಎಂದೆ. ಹೇಳಿದ ಕೂಡಲೇ ಹೇಳಬಾರದಿತ್ತೇನೋ ಅನ್ನಿಸಿತು.

ಅಜ್ಜ ನನ್ನ ಕೈಯಲ್ಲಿದ್ದ ನೀರಿನ ಬಾಟಲಿಯನ್ನೇ ನೋಡುತ್ತಿದ್ದರು. ನಾನು ಅದನ್ನು ಬೆನ್ನ ಹಿಂದೆ ಮಾಡಿದೆ.

“ಮುಚ್ಚಬ್ಯಾಡ ತಮ್ಮಾ. ನನ್ನ ಮುಂದ ಕುಡಿ. ಪೂರಾ ಕುಡಿ, ಸಾವಕಾಶ. ನಾ ನೋಡತೇನಿ.”

ಸ್ಟೂಲಿನ ಮೇಲೆ ಕೂತೆ. ಮುಚ್ಚಳ ತೆಗೆದು ಬಾಟಲಿಗೇ ಬಾಯಿಟ್ಟು ಕುಡಿದೆ. ಗುಟುಕಿಗೊಮ್ಮೆ ನಿಲ್ಲಿಸಿ ನೋಡಿದೆ, ಅಜ್ಜ ನನ್ನ ಗಂಟಲನ್ನು ನೋಡುತ್ತ, ಮುಂದೆ ನಡೆಯಲಿ ಎಂದು ಸೂಜಿ ಇಲ್ಲದ ಕೈಯಿಂದ ಸನ್ನೆ ಮಾಡುತ್ತಿದ್ದರು. ಹಾಗೆ ಕುಡಿಯುವುದು ನಾನು ಮಾಡಿದ ಎಲ್ಲ ಕಸರತ್ತಿಗಿಂತ ಕಷ್ಟವಾಗಿತ್ತು. ಆದರೂ ಒಂದು ಹನಿ ಉಳಿಸಲಿಲ್ಲ. ಬಾಟಲಿ ಖಾಲಿಯಾದಾಗ ಸಿದ್ದಪ್ಪಜ್ಜ ದೊಡ್ಡದಾಗಿ ಉಸಿರು ಬಿಟ್ಟು, ಹೆಗಲ ಮೇಲಿನ ಟವೆಲಿನಿಂದ ತಮ್ಮ ಬಾಯಿ ಒರೆಸಿಕೊಂಡರು.